ಎಂಡೋಸ್ಕೋಪಿಯೋ, ಕೊಲೊನೋಸ್ಕೋಪಿಯೋ: ಯಾವ ತೊಂದರೆಗೆ ಯಾವ ಪರೀಕ್ಷೆ?

ತಿಂಗಳುಗಟ್ಟಲೆ ಎದೆಯುರಿಯಿಂದ ಬಳಲಿದವರಿಗೂ, ಮಲದಲ್ಲಿ ರಕ್ತ ಕಂಡು ಗಾಬರಿಗೊಂಡವರಿಗೂ ವೈದ್ಯರು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಒಳಗೆ ಕ್ಯಾಮೆರಾ ಬಿಟ್ಟು ನೋಡಿಬಿಡೋಣ." ಆದರೆ ಆ ಕ್ಯಾಮೆರಾ ಎಲ್ಲಿಂದ ಒಳಗೆ ಹೋಗುತ್ತದೆ, ಎಲ್ಲಿಯವರೆಗೆ ಹೋಗುತ್ತದೆ, ಅದಕ್ಕೆ ಮೊದಲು ರೋಗಿ ಏನೇನು ಮಾಡಿಕೊಂಡು ಬರಬೇಕು ಎಂಬುದು ಇಬ್ಬರಿಗೂ ಬೇರೆ ಬೇರೆ. ಮೊದಲನೆಯವರದು ಬಾಯಿಯಿಂದ ಒಳಹೋಗಿ ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುವ ಎಂಡೋಸ್ಕೋಪಿ. ಎರಡನೆಯವರದು ಗುದದ್ವಾರದಿಂದ ಒಳಹೋಗುವ ಕೊಲೊನೋಸ್ಕೋಪಿ. ಆಸ್ಪತ್ರೆಯಲ್ಲಿ ಅದು ಅರ್ಧ ಗಂಟೆಯ ಕೆಲಸವಾದರೂ ಮನೆಯಲ್ಲಿ ಕೆಲವು ದಿನ ಮೊದಲೇ ಆರಂಭವಾಗಿರುತ್ತದೆ.

ಹೆಸರಿನ ಗೊಂದಲವೊಂದನ್ನು ಮೊದಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ದೇಹದೊಳಗೆ ಕೊಳವೆಯಂಥ ಉಪಕರಣ ಕಳಿಸಿ ನೋಡುವ ಎಲ್ಲ ಪರೀಕ್ಷೆಗಳಿಗೂ ಎಂಡೋಸ್ಕೋಪಿ ಎಂಬುದೇ ಸಾಮಾನ್ಯ ಹೆಸರು. ಆ ಅರ್ಥದಲ್ಲಿ ಕೊಲೊನೋಸ್ಕೋಪಿಯೂ ಒಂದು ಎಂಡೋಸ್ಕೋಪಿಯೇ. ಬಳಕೆಯಲ್ಲಿ ಮಾತ್ರ, ಬರೀ 'ಎಂಡೋಸ್ಕೋಪಿ' ಎಂದರೆ ಬಾಯಿಯ ಮೂಲಕ ಮಾಡುವ ಪರೀಕ್ಷೆ ಎಂದೇ ಎಲ್ಲರೂ ತಿಳಿಯುತ್ತಾರೆ. ಚೀಟಿಯಲ್ಲಿ ಅದನ್ನೇ ಒಜಿಡಿ, ಯುಜಿಐ ಸ್ಕೋಪಿ ಅಥವಾ ಗ್ಯಾಸ್ಟ್ರೋಸ್ಕೋಪಿ ಎಂದು ಬರೆದಿರಬಹುದು. ಈ ಬರಹದಲ್ಲಿಯೂ ಎಂಡೋಸ್ಕೋಪಿ ಎಂಬ ಪದ ಆ ಅರ್ಥದಲ್ಲೇ ಬರುತ್ತದೆ.

ಇವೆರಡೂ ಒಂದಕ್ಕೊಂದು ಬದಲಿಯಲ್ಲ. ಹತ್ತು ನಿಮಿಷದ್ದು ಸುಲಭ, ಅದನ್ನೇ ಮಾಡಿಸಿಕೊಳ್ಳುತ್ತೇನೆ ಎನ್ನುವ ಹಾಗಿಲ್ಲ. ಒಂದು ನೋಡುವ ಜಾಗವನ್ನು ಇನ್ನೊಂದು ನೋಡುವುದೇ ಇಲ್ಲ. ಹಾಗಾದರೆ ರೋಗಿಯ ಮುಂದೆ ನಿಜವಾಗಿ ಇರುವ ಆಯ್ಕೆಗಳು ಯಾವುವು? ತೊಂದರೆಯ ಬೇರು ಎಲ್ಲಿದೆ ಎಂದು ವೈದ್ಯರಿಗೆ ಸರಿಯಾಗಿ ತಿಳಿಯುವಂತೆ ಲಕ್ಷಣಗಳನ್ನು ಹೇಳುವುದು, ಈ ಪರೀಕ್ಷೆ ಈಗಲೇ ಬೇಕೇ ಅಥವಾ ಅದಕ್ಕಿಂತ ಹಗುರವಾದ ಪರೀಕ್ಷೆಯೊಂದು ಮೊದಲು ಸಾಕೇ ಎಂದು ಕೇಳುವುದು, ಔಷಧ ಕೊಟ್ಟು ಬರಿಸುವ ಮಂಪರು ಬೇಕೇ ಬೇಡವೇ ಎಂದು ತೀರ್ಮಾನಿಸುವುದು, ಮತ್ತು ಕೊಲೊನೋಸ್ಕೋಪಿಯಾದರೆ ಕರುಳನ್ನು ಎಷ್ಟು ಚೊಕ್ಕಟವಾಗಿ ತೊಳೆದುಕೊಂಡು ಬರುವುದು. ಈ ಕೊನೆಯ ವಿಷಯವೇ ಎಲ್ಲಕ್ಕಿಂತ ಮುಖ್ಯ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಯಾವ ಸ್ಕೋಪ್ ಎಲ್ಲಿಯವರೆಗೆ ನೋಡುತ್ತದೆ

ಎಂಡೋಸ್ಕೋಪಿಯ ಕೊಳವೆ ಸುಮಾರು ಒಂದು ಸೆಂಟಿಮೀಟರ್ ದಪ್ಪ, ಒಂದು ಮೀಟರಿನಷ್ಟು ಉದ್ದ. ಅದು ಅನ್ನನಾಳದಿಂದ ಇಳಿದು ಜಠರವನ್ನು ಸುತ್ತಿ ನೋಡಿ, ಸಣ್ಣ ಕರುಳಿನ ಆರಂಭದ ಭಾಗವಾದ ಡ್ಯುವೋಡಿನಮ್‌ನ ಎರಡನೆಯ ತಿರುವಿನವರೆಗೆ ಹೋಗುತ್ತದೆ. ಅಲ್ಲಿಗೆ ಅದರ ವ್ಯಾಪ್ತಿ ಮುಗಿಯಿತು. ಕೊಲೊನೋಸ್ಕೋಪಿಯ ಕೊಳವೆ ಇನ್ನೂ ಸ್ವಲ್ಪ ದಪ್ಪ, ಉದ್ದ ಒಂದೂವರೆ ಮೀಟರಿನ ಆಸುಪಾಸು. ಅದು ಗುದನಾಳದಿಂದ ಹೊರಟು ಎಡಭಾಗದಲ್ಲಿ ಮೇಲೇರಿ, ಹೊಟ್ಟೆಯನ್ನು ಅಡ್ಡಲಾಗಿ ದಾಟಿ, ಬಲಭಾಗದಲ್ಲಿ ಕೆಳಗಿಳಿದು, ದೊಡ್ಡ ಕರುಳಿನ ತುದಿಯಾದ ಸೀಕಮ್ ಮುಟ್ಟುತ್ತದೆ. ಬೇಕಿದ್ದರೆ ಅಲ್ಲಿಂದ ಸಣ್ಣ ಕರುಳಿನ ಕೊನೆಯ ಕೆಲವು ಸೆಂಟಿಮೀಟರ್‌ಗಳಲ್ಲಿಯೂ ಇಣುಕುತ್ತದೆ. ಕೆಲವರಿಗೆ ಸಿಗ್ಮಾಯ್ಡೋಸ್ಕೋಪಿ ಎಂದು ಬರೆದಿರುತ್ತಾರೆ. ಅದು ದೊಡ್ಡ ಕರುಳಿನ ಎಡಭಾಗವನ್ನಷ್ಟೇ ನೋಡುವ ಚಿಕ್ಕ ಪರೀಕ್ಷೆ, ಬಲಭಾಗದಲ್ಲಿ ಏನಿದೆ ಎಂದು ಅದು ಹೇಳಲಾರದು.

ಇವೆರಡರ ನಡುವೆ ಹಲವು ಮೀಟರ್ ಉದ್ದದ ಸಣ್ಣ ಕರುಳು ಉಳಿದೇ ಬಿಡುತ್ತದೆ. "ಮೇಲಿನದೂ ಆಯಿತು, ಕೆಳಗಿನದೂ ಆಯಿತು, ಏನೂ ಸಿಗಲಿಲ್ಲ, ಆದರೂ ರಕ್ತ ಕಡಿಮೆಯಾಗುತ್ತಲೇ ಇದೆ" ಎನ್ನುವವರಿಗೆ ಉತ್ತರ ಆ ನಡುವಿನ ಭಾಗದಲ್ಲಿರಬಹುದು. ಅಂಥವರಿಗೆ 2001ರಿಂದ ಬಳಕೆಗೆ ಬಂದ ಕ್ಯಾಪ್ಸೂಲ್ ಎಂಡೋಸ್ಕೋಪಿ ಇದೆ: ದೊಡ್ಡ ಮಾತ್ರೆಯ ಗಾತ್ರದ, ಸುಮಾರು 26 ಮಿಲಿಮೀಟರ್ ಉದ್ದದ ಕ್ಯಾಮೆರಾವನ್ನು ನುಂಗಿದರೆ ಅದು ಗಂಟೆಗಟ್ಟಲೆ ಚಿತ್ರ ತೆಗೆಯುತ್ತಾ ಸಾಗಿ ಮಲದ ಜೊತೆ ಹೊರಬೀಳುತ್ತದೆ. ನೋವಿಲ್ಲ, ಮಂಪರಿಲ್ಲ ಎಂದು ಎಲ್ಲರಿಗೂ ಇದೇ ಬೇಕೆನಿಸುವುದು ಸಹಜ. ಆದರೆ ಅದು ನೋಡಬಲ್ಲದೇ ಹೊರತು ಪರೀಕ್ಷೆಗೆ ಚೂರು ತೆಗೆಯಲಾರದು, ರಕ್ತ ನಿಲ್ಲಿಸಲಾರದು, ಕರುಳು ಎಲ್ಲಾದರೂ ಕಿರಿದಾಗಿದ್ದರೆ ಅಲ್ಲೇ ಸಿಕ್ಕಿಕೊಳ್ಳಲೂಬಹುದು. ಎಂಡೋಸ್ಕೋಪಿಗಾಗಲಿ ಕೊಲೊನೋಸ್ಕೋಪಿಗಾಗಲಿ ಅದು ಬದಲಿಯಲ್ಲ.

ಲಕ್ಷಣವೇ ದಾರಿ ತೋರಿಸುತ್ತದೆ

ನುಂಗುವಾಗ ಆಹಾರ ಎದೆಯಲ್ಲಿ ಸಿಕ್ಕಿಕೊಂಡಂತಾಗುವುದು, ನುಂಗಿದರೆ ನೋವು, ಔಷಧಕ್ಕೂ ಬಗ್ಗದ ಎದೆಯುರಿ ಮತ್ತು ಹುಳಿತೇಗು, ಮೇಲುಹೊಟ್ಟೆಯ ಉರಿ, ನಿಲ್ಲದ ವಾಂತಿ, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುವುದು, ರಕ್ತವಾಂತಿ: ಇವೆಲ್ಲ ಎಂಡೋಸ್ಕೋಪಿಯ ಕಡೆಗೆ ಬೆರಳು ತೋರುತ್ತವೆ. ಮಲದಲ್ಲಿ ಕೆಂಪು ರಕ್ತ, ವಾರಗಟ್ಟಲೆ ನಿಲ್ಲದ ಭೇದಿ, ಇಷ್ಟು ವರ್ಷ ಸರಿಯಾಗಿದ್ದ ಮಲವಿಸರ್ಜನೆಯ ರೂಢಿ ಇದ್ದಕ್ಕಿದ್ದಂತೆ ಬದಲಾಗುವುದು, ಮಲದ ಜೊತೆ ಲೋಳೆ, ಹೋಗಿ ಬಂದರೂ ಪೂರ್ತಿಯಾಗಲಿಲ್ಲ ಎನಿಸುವುದು: ಇವು ಕೊಲೊನೋಸ್ಕೋಪಿಯ ಕಡೆಗೆ.

ಇವುಗಳಲ್ಲಿ ರಕ್ತದ ಬಣ್ಣದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ವೈದ್ಯರು ಕೇಳುವ ಮೊದಲ ಪ್ರಶ್ನೆಯೇ ಅದು ಮತ್ತು ಸಂಕೋಚದಿಂದಲೋ ಅಸಹ್ಯದಿಂದಲೋ ಬಹಳ ಜನ ಸರಿಯಾಗಿ ನೋಡಿರುವುದೇ ಇಲ್ಲ. ಜಠರದಲ್ಲಿ ಒಸರಿದ ರಕ್ತ ಕರುಳಿನ ಉದ್ದಕ್ಕೂ ಸಾಗುವಾಗ ಜೀರ್ಣರಸಕ್ಕೂ ಬ್ಯಾಕ್ಟೀರಿಯಾಗಳಿಗೂ ಸಿಕ್ಕು ರೂಪವನ್ನೇ ಬದಲಿಸಿಕೊಳ್ಳುತ್ತದೆ. ಹೊರಬರುವ ಹೊತ್ತಿಗೆ ಮಲ ಡಾಂಬರಿನಂತೆ ಕಪ್ಪಗೆ, ಹೊಳಪಾಗಿ, ಅಂಟಂಟಾಗಿರುತ್ತದೆ; ಅದರ ದುರ್ವಾಸನೆಯೂ ಎಂದಿನದಲ್ಲ, ಒಮ್ಮೆ ಕಂಡವರು ಮರೆಯುವಂಥದ್ದಲ್ಲ. ಕಬ್ಬಿಣಾಂಶದ ಮಾತ್ರೆ ನುಂಗುವವರ ಮಲವೂ ಕಪ್ಪಾಗುತ್ತದೆ, ಆದರೆ ಅದು ಸಾಮಾನ್ಯವಾಗಿ ಗಟ್ಟಿಯಾಗಿ ಕಡುಹಸಿರಿಗೆ ತಿರುಗಿರುತ್ತದೆ, ಡಾಂಬರಿನಂತೆ ಅಂಟುವುದಿಲ್ಲ. ದೊಡ್ಡ ಕರುಳಿನ ಕೊನೆಯ ಭಾಗದಿಂದ ಬಂದ ರಕ್ತ ಕೆಂಪಾಗಿಯೇ ಇರುತ್ತದೆ. ಅದು ಮಲದ ಮೇಲೆ ಗೆರೆಯಂತೆ ಹತ್ತಿಕೊಂಡಿತ್ತೇ, ಮಲದೊಳಗೆ ಬೆರೆತಿತ್ತೇ, ಮಲ ಹೋದ ಮೇಲೆ ಹನಿಹನಿಯಾಗಿ ಬಿದ್ದಿತೇ ಎಂಬುದನ್ನೂ ಗಮನಿಸಿ ಹೇಳಿದರೆ ವೈದ್ಯರ ಕೆಲಸ ಅರ್ಧ ಮುಗಿದಂತೆ.

ಇಲ್ಲೊಂದು ಅಪವಾದವಿದೆ. ಜಠರದ ಹುಣ್ಣಿನಿಂದ ಒಮ್ಮೆಲೇ ಧಾರಾಕಾರವಾಗಿ ರಕ್ತ ಹರಿದರೆ ಅದು ಕಪ್ಪಾಗಲು ಸಮಯವೇ ಸಿಗದೆ ಕೆಳಗೂ ಕೆಂಪಾಗಿಯೇ ಬರುತ್ತದೆ. ಜೊತೆಗೆ ತಲೆಸುತ್ತು, ತಣ್ಣನೆಯ ಬೆವರು, ಎದೆಬಡಿತದ ಓಟ ಇದ್ದರೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಅಲ್ಲಿ ರಕ್ತದೊತ್ತಡವನ್ನು ಸ್ಥಿಮಿತಕ್ಕೆ ತಂದು ಸಾಮಾನ್ಯವಾಗಿ 24 ಗಂಟೆಯೊಳಗೆ ಎಂಡೋಸ್ಕೋಪಿಯನ್ನೇ ಮೊದಲು ಮಾಡುತ್ತಾರೆ. ರಕ್ತ ಚಿಮ್ಮುವ ಜಾಗಕ್ಕೆ ಪುಟ್ಟ ಕ್ಲಿಪ್ ಹಾಕಿ, ಸುಟ್ಟು, ಅಥವಾ ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳಿದ್ದರೆ ಅವಕ್ಕೆ ರಬ್ಬರ್ ಬ್ಯಾಂಡ್ ತೊಡಿಸಿ ಅಲ್ಲೇ ನಿಲ್ಲಿಸಲು ಸಾಧ್ಯ.

ಕೆಂಪು ರಕ್ತದ ವಿಷಯದಲ್ಲಿ ಜೀವಕ್ಕೆ ಕುತ್ತಾಗುವ ತಪ್ಪೆಂದರೆ, ಪರೀಕ್ಷೆಯೇ ಇಲ್ಲದೆ "ಮೂಲವ್ಯಾಧಿ ಇರಬೇಕು" ಎಂದು ಸುಮ್ಮನಾಗುವುದು. ಮೂಲವ್ಯಾಧಿ ನಿಜವಾಗಿಯೂ ಬಹಳ ಜನರಿಗೆ ಇರುತ್ತದೆ. ಆದರೆ ಮೂಲವ್ಯಾಧಿ ಇದೆ ಎಂಬುದು ಅದರ ಮೇಲ್ಗಡೆ ಇನ್ನೇನೂ ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಒಂದೇ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿಕೊಂಡು ಕಾಯುವವರಲ್ಲಿ ಕೆಲವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಬೆಳೆಯುತ್ತಿರುತ್ತದೆ. ವಯಸ್ಸು 45 ದಾಟಿದವರು, ತೂಕ ಇಳಿಯುತ್ತಿರುವವರು, ರಕ್ತಹೀನತೆ ಇರುವವರು, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದವರು ಮಲದಲ್ಲಿ ರಕ್ತ ಕಂಡರೆ ಕೊಲೊನೋಸ್ಕೋಪಿಯ ಮಾತನ್ನು ತಾವೇ ಎತ್ತಬೇಕು. ಚಿಕ್ಕ ವಯಸ್ಸಿನವರಲ್ಲಿಯೂ ರಕ್ತ ಮತ್ತೆ ಮತ್ತೆ ಬಂದರೆ ವಯಸ್ಸನ್ನೇ ನೆಪ ಮಾಡಿಕೊಂಡು ಬಿಡುವಂತಿಲ್ಲ.

ಎರಡೂ ಪರೀಕ್ಷೆ ಬೇಕಾಗುವ ಮುಖ್ಯ ಸಂದರ್ಭ ಕಬ್ಬಿಣಾಂಶದ ಕೊರತೆಯಿಂದಾದ ರಕ್ತಹೀನತೆ. ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಇದಕ್ಕೆ ಕಾರಣ ಜೀರ್ಣಾಂಗದಲ್ಲಿ ಎಲ್ಲೋ ಕಣ್ಣಿಗೆ ಕಾಣದಂತೆ ಒಸರುತ್ತಿರುವ ರಕ್ತ ಇರಬಹುದು. ಹೊಟ್ಟೆನೋವಿಲ್ಲ, ಎದೆಯುರಿ ಇಲ್ಲ, ಸುಸ್ತು ಮಾತ್ರ ಇದೆ ಎಂಬ ಕಾರಣಕ್ಕೆ ಬರೀ ಕಬ್ಬಿಣದ ಮಾತ್ರೆ ನುಂಗಿ ಹಿಮೋಗ್ಲೋಬಿನ್ ಏರಿಸಿಕೊಂಡು ಸುಮ್ಮನಾದರೆ ಮೂಲ ಕಾರಣ ಅಲ್ಲೇ ಉಳಿಯುತ್ತದೆ. ಎರಡೂ ಬೇಕಾದಾಗ ಒಂದೇ ದಿನ, ಒಂದೇ ಮಂಪರಿನಲ್ಲಿ ಮಾಡಿಸಿಕೊಳ್ಳಬಹುದೇ ಎಂದು ಕೇಳಿ. ಹೆಚ್ಚಿನ ಕಡೆ ಮಾಡುತ್ತಾರೆ, ಸಾಮಾನ್ಯವಾಗಿ ಬಾಯಿಯದು ಮೊದಲು, ಕೆಳಗಿನದು ನಂತರ.

ಈಗಲೇ ಬೇಕೇ?

ಹೊಟ್ಟೆಯ ಪ್ರತಿಯೊಂದು ತೊಂದರೆಗೂ ಕೊಳವೆ ಇಳಿಸಬೇಕಾಗಿಲ್ಲ. ಊಟದ ನಂತರ ಉಬ್ಬರ, ಉರಿ, ತೇಗು ಇರುವ ಅರವತ್ತರ ಒಳಗಿನವರಲ್ಲಿ ಅಪಾಯದ ಸೂಚನೆಗಳು ಇಲ್ಲದಿದ್ದರೆ, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದೆಯೇ ಎಂದು ಉಸಿರಿನ ಅಥವಾ ಮಲದ ಪರೀಕ್ಷೆಯಿಂದ ಮೊದಲು ನೋಡಿ, ಇದ್ದರೆ ಅದಕ್ಕೆ ಔಷಧ ಕೊಡುವುದು ಒಪ್ಪಿತ ಕ್ರಮ. ಜಠರದಲ್ಲಿ ಮನೆ ಮಾಡಿಕೊಂಡು ಹುಣ್ಣು ತರುವುದು ಈ ಬ್ಯಾಕ್ಟೀರಿಯಾ ಎಂದು ತೋರಿಸಿಕೊಟ್ಟವರು ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್. ಮಾರ್ಷಲ್ 1984ರಲ್ಲಿ ಮೊದಲು ತಾವೇ ಎಂಡೋಸ್ಕೋಪಿ ಮಾಡಿಸಿಕೊಂಡು ಜಠರ ಆರೋಗ್ಯವಾಗಿದೆ ಎಂದು ಖಚಿತಪಡಿಸಿಕೊಂಡರು, ಆ ಬ್ಯಾಕ್ಟೀರಿಯಾವನ್ನು ಕುಡಿದರು, ಕೆಲವೇ ದಿನಗಳಲ್ಲಿ ಮತ್ತೆ ಎಂಡೋಸ್ಕೋಪಿ ಮಾಡಿಸಿದಾಗ ಜಠರದ ಒಳಪದರ ಊದಿಕೊಂಡಿತ್ತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹುಣ್ಣಿಗೆ ಜೀವನವಿಡೀ ಆಮ್ಲ ತಗ್ಗಿಸುವ ಮಾತ್ರೆ ನುಂಗುವ ಬದಲು ಎರಡು ವಾರದ ಆಂಟಿಬಯೋಟಿಕ್ ಸಾಕು ಎನ್ನುವ ಸ್ಥಿತಿ ಬಂದದ್ದು ಈ ಶೋಧದಿಂದ. ಒಂದು ಎಚ್ಚರಿಕೆ: ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಮಾತ್ರೆಗಳನ್ನು ಎರಡು ವಾರ, ಆಂಟಿಬಯೋಟಿಕ್‌ಗಳನ್ನು ನಾಲ್ಕು ವಾರ ಮೊದಲೇ ನಿಲ್ಲಿಸಿರದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲವೆಂದು ವರದಿ ಬರಬಹುದು.

ಅಪಾಯದ ಸೂಚನೆಗಳೆಂದರೆ ನುಂಗಲು ಕಷ್ಟ, ರಕ್ತಸ್ರಾವ, ಕಾರಣವಿಲ್ಲದೆ ತೂಕ ಇಳಿಯುವುದು, ನಿಲ್ಲದ ವಾಂತಿ, ರಕ್ತಹೀನತೆ, ಹೊಟ್ಟೆಯಲ್ಲಿ ಗಂಟು. ಇವುಗಳಲ್ಲಿ ಯಾವುದಿದ್ದರೂ ಔಷಧ ಕೊಟ್ಟು ನೋಡುವ ಮಾತಿಲ್ಲ, ನೇರವಾಗಿ ಪರೀಕ್ಷೆಯೇ ಆಗಬೇಕು.

ಕೆಳಹೊಟ್ಟೆಯ ತೊಂದರೆಗೂ ಹೀಗೆಯೇ ಹಗುರವಾದ ಮೆಟ್ಟಿಲುಗಳಿವೆ. ಹೊಟ್ಟೆ ಹಿಂಡಿದಂತಾಗಿ, ಮಲ ಹೋದ ಮೇಲೆ ಆರಾಮವಾಗಿ, ಒಮ್ಮೆ ಭೇದಿ ಒಮ್ಮೆ ಮಲಬದ್ಧತೆ ಎಂದು ವರ್ಷಗಳಿಂದ ನಡೆದುಬಂದಿರುವ ಚಿಕ್ಕ ವಯಸ್ಸಿನವರಲ್ಲಿ ಐಬಿಎಸ್ (ಇರಿಟೇಬಲ್ ಬವೆಲ್ ಸಿಂಡ್ರೋಮ್) ಎಂಬ ತೊಂದರೆಯ ಸಾಧ್ಯತೆ ಹೆಚ್ಚು. ಅದು ಕೊಲೊನೋಸ್ಕೋಪಿಯಲ್ಲಿ ಕಾಣುವಂಥದ್ದಲ್ಲ. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಅಂಶದ ಪ್ರಮಾಣ ನೋಡಿದರೆ ಕರುಳಿನಲ್ಲಿ ಉರಿಯೂತ ಇದೆಯೋ ಇಲ್ಲವೋ ಎಂಬುದರ ಸುಳಿವು ಸಿಗುತ್ತದೆ. ಅದು ಕಡಿಮೆಯಿದ್ದರೆ ಕ್ರೋನ್ಸ್ ಅಥವಾ ಅಲ್ಸರೇಟಿವ್ ಕೊಲೈಟಿಸ್‌ನಂಥ ಕರುಳಿನ ಉರಿಯೂತದ ಕಾಯಿಲೆ ಇರುವ ಸಾಧ್ಯತೆ ತೀರಾ ಕಡಿಮೆ. ಹೆಚ್ಚಿದ್ದರೆ ಕೊಲೊನೋಸ್ಕೋಪಿಯನ್ನು ಮುಂದೂಡಬಾರದು.

'ಗ್ಯಾಸ್ಟ್ರಿಕ್' ಎಂಬ ಒಂದೇ ಪದದಲ್ಲಿ ನಾವು ಎಷ್ಟೋ ನೋವುಗಳನ್ನು ತುಂಬಿಬಿಡುತ್ತೇವೆ. ಬಲಗಡೆ ಪಕ್ಕೆಲುಬಿನ ಕೆಳಗೆ ಊಟದ ನಂತರ ಬಂದು ಬೆನ್ನಿಗೆ ಹರಡುವ ನೋವು ಪಿತ್ತಕೋಶದ ಕಲ್ಲಿನದಿರಬಹುದು. ಅದನ್ನು ತೋರಿಸುವುದು ಅಲ್ಟ್ರಾಸೌಂಡ್, ಎಂಡೋಸ್ಕೋಪಿಯಲ್ಲ. ನಡೆದಾಗ, ಮೆಟ್ಟಿಲು ಹತ್ತಿದಾಗ ಬಂದು ಕುಳಿತರೆ ಕಡಿಮೆಯಾಗುವ ಎದೆಯುರಿಗೆ ಮೊದಲು ಹೃದಯದ ಪರೀಕ್ಷೆಯೇ ಆಗಬೇಕು.

ಸಿದ್ಧತೆ: ನಿಜವಾದ ವ್ಯತ್ಯಾಸ ಇರುವುದು ಇಲ್ಲಿ

ಎಂಡೋಸ್ಕೋಪಿಗೆ ಸಿದ್ಧತೆ ಎಂದರೆ ಖಾಲಿ ಹೊಟ್ಟೆ, ಅಷ್ಟೆ. ಪರೀಕ್ಷೆಗೆ ಆರರಿಂದ ಎಂಟು ಗಂಟೆ ಮೊದಲು ಗಟ್ಟಿ ಆಹಾರ ನಿಲ್ಲಿಸಬೇಕು; ನೀರು ಎಷ್ಟು ಹೊತ್ತಿನವರೆಗೆ ಕುಡಿಯಬಹುದು ಎಂದು ಆಸ್ಪತ್ರೆಯವರು ಹೇಳುತ್ತಾರೆ, ಸಾಮಾನ್ಯವಾಗಿ ಎರಡು ಗಂಟೆ ಮೊದಲಿನವರೆಗೆ. ಇದರಲ್ಲಿ ರಿಯಾಯಿತಿ ಮಾಡಿಕೊಳ್ಳಬಾರದು, ಏಕೆಂದರೆ ಜಠರದಲ್ಲಿ ಆಹಾರ ಉಳಿದಿದ್ದರೆ ಚಿತ್ರ ಮಸುಕಾಗುವುದಷ್ಟೇ ಅಲ್ಲ, ಮಂಪರಿನಲ್ಲಿರುವಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ.

ಕೊಲೊನೋಸ್ಕೋಪಿಯ ಸಿದ್ಧತೆ ಹಲವು ದಿನಗಳದ್ದು. ಕಬ್ಬಿಣದ ಮಾತ್ರೆಗಳನ್ನು ಐದಾರು ದಿನ ಮೊದಲೇ ನಿಲ್ಲಿಸಬೇಕು. ಅದರ ಕಪ್ಪು ಕರುಳಿನ ಗೋಡೆಗೆ ಮೆತ್ತಿಕೊಂಡು ತೊಳೆದರೂ ಬಿಡುವುದಿಲ್ಲ. ಎರಡು ಮೂರು ದಿನ ಮೊದಲಿನಿಂದ ಸೊಪ್ಪು, ಸಿಪ್ಪೆ ಸಹಿತದ ಕಾಳು, ಬೀಜವಿರುವ ಹಣ್ಣುಗಳನ್ನು ಬಿಟ್ಟು ನಾರು ಕಡಿಮೆಯಿರುವ ಮೆತ್ತಗಿನ ಆಹಾರ ಸೇವಿಸಬೇಕು. ಒಂದು ಸಣ್ಣ ಬೀಜವೂ ಸ್ಕೋಪಿನ ಹೀರುನಾಳದಲ್ಲಿ ಸಿಕ್ಕಿಕೊಂಡು ಕೆಲಸ ನಿಲ್ಲಿಸಬಲ್ಲದು. ಹಿಂದಿನ ದಿನ ಆಚೆಬದಿ ಕಾಣುವಷ್ಟು ತಿಳಿಯಾದ ಪಾನೀಯಗಳು ಮಾತ್ರ. ಕೆಂಪು, ನೇರಳೆ ಬಣ್ಣದ ಪಾನೀಯ ಬೇಡ, ಒಳಗೆ ಅದು ರಕ್ತದಂತೆಯೇ ಕಾಣುತ್ತದೆ.

ಆಮೇಲೆ ಭೇದಿಯ ದ್ರಾವಣ. ಹೆಚ್ಚಾಗಿ ಕೊಡುವುದು ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ಅದನ್ನು ಎರಡರಿಂದ ನಾಲ್ಕು ಲೀಟರ್ ನೀರಿನಲ್ಲಿ ಕರಗಿಸಿ ಹತ್ತು ಹದಿನೈದು ನಿಮಿಷಕ್ಕೊಂದು ಲೋಟದಂತೆ ಕುಡಿಯಬೇಕು. ಮೊದಲ ಎರಡು ಲೋಟ ಸಲೀಸಾಗಿ ಹೋಗುತ್ತವೆ. ನಾಲ್ಕನೆಯದಕ್ಕೆ ಉಪ್ಪುಮಿಶ್ರಿತ ಜಿಡ್ಡು ರುಚಿಯಿಂದ ಗಂಟಲು ಮುಚ್ಚಿಕೊಂಡಂತಾಗುತ್ತದೆ, ಹೊಟ್ಟೆ ಉಬ್ಬುತ್ತದೆ, ಇನ್ನು ಸಾಕು ಎನಿಸುತ್ತದೆ. ದ್ರಾವಣವನ್ನು ಚೆನ್ನಾಗಿ ತಣ್ಣಗೆ ಮಾಡಿಟ್ಟುಕೊಂಡರೆ, ಸ್ಟ್ರಾ ಇಟ್ಟು ನಾಲಗೆಯ ಹಿಂಭಾಗಕ್ಕೆ ಇಳಿಯುವಂತೆ ಕುಡಿದರೆ, ವಾಕರಿಕೆ ಬಂದಾಗ ಅರ್ಧ ಗಂಟೆ ಬಿಟ್ಟು ಮುಂದುವರಿಸಿದರೆ ಮುಗಿಸಲು ಸಾಧ್ಯ. ಒಂದೆರಡು ಗಂಟೆಯಲ್ಲಿ ಭೇದಿ ಆರಂಭವಾಗುತ್ತದೆ. ಮೊದಲು ಗಟ್ಟಿ, ಆಮೇಲೆ ಕಂದು ನೀರು, ಆಮೇಲೆ ಚೂರುಗಳು ತೇಲುವ ಮಬ್ಬು ನೀರು. ಕೊನೆಗೆ ಮೂತ್ರದಂತೆ ತಿಳಿ ಹಳದಿಯಾಗಿ, ತಳ ಕಾಣುವಂತೆ ಬರಬೇಕು. ಅಲ್ಲಿಯವರೆಗೆ ಸಿದ್ಧತೆ ಮುಗಿದಿಲ್ಲ. ಭೇದಿಯಾಯಿತಲ್ಲ ಎಂದು ಉಳಿದ ಅರ್ಧ ದ್ರಾವಣವನ್ನು ಚೆಲ್ಲಿಬಿಡುವವರು ತಮ್ಮ ಪರೀಕ್ಷೆಯ ಅರ್ಧವನ್ನೇ ಚೆಲ್ಲಿದಂತೆ.

ಎಲ್ಲವನ್ನೂ ಹಿಂದಿನ ಸಂಜೆಯೇ ಕುಡಿಯುವುದೋ, ಅರ್ಧ ಸಂಜೆಗೆ ಅರ್ಧ ಪರೀಕ್ಷೆಯ ದಿನ ಬೆಳಿಗ್ಗೆಗೆ ಹಂಚುವುದೋ ಎಂಬ ಆಯ್ಕೆ ಇದ್ದರೆ ಹಂಚಿ ಕುಡಿಯುವುದನ್ನೇ ಆರಿಸಿಕೊಳ್ಳಿ. ಎರಡನೆಯ ಅರ್ಧವನ್ನು ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮೊದಲು ಆರಂಭಿಸಿ ಎರಡು ಗಂಟೆ ಮೊದಲೇ ಮುಗಿಸಬೇಕು. ಬೆಳಿಗ್ಗೆ ಎಂಟಕ್ಕೆ ಪರೀಕ್ಷೆಯಿದ್ದರೆ ನಸುಕಿನ ಮೂರು ನಾಲ್ಕು ಗಂಟೆಗೆ ಎದ್ದು ಕುಡಿಯಬೇಕಾಗುತ್ತದೆ, ಅದು ಕಷ್ಟವೇ. ಆದರೆ ರಾತ್ರಿಯಿಡೀ ಸಣ್ಣ ಕರುಳಿನಿಂದ ಇಳಿದು ಬರುವ ರಸ ದೊಡ್ಡ ಕರುಳಿನ ಬಲಭಾಗವನ್ನು ಮತ್ತೆ ಮುಚ್ಚಿಬಿಡುತ್ತದೆ, ಮತ್ತು ಚಪ್ಪಟೆಯಾಗಿ ಗೋಡೆಗೆ ಅಂಟಿಕೊಂಡು ಬೆಳೆಯುವ, ಕಣ್ತಪ್ಪಿಹೋಗುವ ಪಾಲಿಪ್‌ಗಳು (ಮುಂದೆ ಕ್ಯಾನ್ಸರಾಗಬಲ್ಲ ಸಣ್ಣ ಗಂಟುಗಳು) ಹೆಚ್ಚಾಗಿ ಇರುವುದೂ ಆ ಬಲಭಾಗದಲ್ಲೇ. ನಸುಕಿನ ಆ ಎರಡನೆಯ ಸುತ್ತು ತೊಳೆಯುವುದು ಅದನ್ನು.

ಸೋಡಿಯಂ ಫಾಸ್ಫೇಟ್ ದ್ರಾವಣದ ಪ್ರಮಾಣ ಕಡಿಮೆ, ಕುಡಿಯಲು ಸುಲಭ. ಆದರೆ ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವವರಿಗೆ, ವಯಸ್ಸಾದವರಿಗೆ, ಕೆಲವು ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೆ ಅದರಿಂದ ಮೂತ್ರಪಿಂಡಕ್ಕೆ ಹಾನಿಯಾಗಬಹುದು. ಅಂಥವರು ಪಾಲಿಎಥಿಲೀನ್ ಗ್ಲೈಕಾಲನ್ನೇ ಕೇಳಿ ಪಡೆಯಬೇಕು.

ಔಷಧಗಳ ಪಟ್ಟಿಯನ್ನು ಎರಡೂ ಪರೀಕ್ಷೆಗೆ ಮೊದಲೇ, ಕನಿಷ್ಠ ಒಂದು ವಾರದ ಮುಂಚೆ ತೋರಿಸಬೇಕು. ರಕ್ತ ತೆಳುಮಾಡುವ ವಾರ್ಫರಿನ್, ಕ್ಲೊಪಿಡೋಗ್ರೆಲ್ ಮುಂತಾದವನ್ನು ಪಾಲಿಪ್ ತೆಗೆಯುವ ಸಾಧ್ಯತೆಯಿದ್ದರೆ ಕೆಲವು ದಿನ ನಿಲ್ಲಿಸಬೇಕಾಗಬಹುದು, ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಹೃದ್ರೋಗ ತಜ್ಞರನ್ನು ಕೇಳದೆ ತಾವಾಗಿಯೇ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ. ಆಸ್ಪಿರಿನ್ ಸಾಮಾನ್ಯವಾಗಿ ನಿಲ್ಲಿಸುವ ಅಗತ್ಯವಿರುವುದಿಲ್ಲ. ಉಪವಾಸದ ದಿನ ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ಪ್ರಮಾಣ ಬದಲಾಗಲೇಬೇಕು. ಅಂಥವರು ದಿನದ ಮೊದಲ ಸರದಿಯನ್ನೇ ಕೇಳಿಕೊಳ್ಳುವುದು ಲೇಸು.

ಮಂಪರು ಬೇಕೇ?

ಎಂಡೋಸ್ಕೋಪಿಯನ್ನು ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದಷ್ಟೇ ಮಾಡಿಸಿಕೊಳ್ಳಲು ಸಾಧ್ಯ. ಎಡ ಮಗ್ಗುಲಿಗೆ ಮಲಗಿಸಿ, ಹಲ್ಲುಗಳ ನಡುವೆ ಪ್ಲಾಸ್ಟಿಕ್ ಬಳೆಯಂಥದ್ದನ್ನು ಕಚ್ಚಿಸಿ, ಅದರ ತೂತಿನಿಂದ ಕೊಳವೆ ಇಳಿಸುತ್ತಾರೆ. ಕಷ್ಟವಿರುವುದು ಅದು ಗಂಟಲು ದಾಟುವ ಕೆಲವು ಕ್ಷಣಗಳಲ್ಲಿ: ಓಕರಿಕೆ ಬರುತ್ತದೆ, ಕಣ್ಣಲ್ಲಿ ನೀರು ತುಂಬುತ್ತದೆ, ಉಸಿರು ಕಟ್ಟಿಹೋಯಿತು ಎಂದು ಭಯವಾಗುತ್ತದೆ. ಆದರೆ ಕೊಳವೆ ಹೋಗುವುದು ಅನ್ನನಾಳಕ್ಕೆ. ಶ್ವಾಸನಾಳ ತೆರೆದೇ ಇರುತ್ತದೆ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಮೂಗಿನಿಂದ ನಿಧಾನವಾಗಿ ಉಸಿರಾಡುತ್ತಾ, ಜೊಲ್ಲನ್ನು ನುಂಗದೆ ಹೊರಗೆ ಹರಿಯಲು ಬಿಟ್ಟರೆ ಉಳಿದ ನಿಮಿಷಗಳನ್ನು ಸಹಿಸಿಕೊಳ್ಳಬಹುದು. ಸ್ಪ್ರೇಯಲ್ಲೇ ಮಾಡಿಸಿಕೊಂಡವರು ಗಂಟಲಿನ ಮರಗಟ್ಟುವಿಕೆ ಬಿಡುವವರೆಗೆ ಏನೂ ಕುಡಿಯದೆ ಕುಳಿತು, ಆಮೇಲೆ ತಾವೇ ನಡೆದುಕೊಂಡು ಕೆಲಸಕ್ಕೆ ಹೋಗಬಹುದು. ಹಲ್ಲುಜ್ಜುವಾಗಲೇ ಓಕರಿಕೆ ಬರುವವರು, ಬಹಳ ಆತಂಕವಿರುವವರು ಮಂಪರಿನ ಚುಚ್ಚುಮದ್ದು ಕೇಳಿ ಪಡೆಯುವುದರಲ್ಲಿ ಯಾವ ಸಂಕೋಚವೂ ಬೇಡ.

ಕೊಲೊನೋಸ್ಕೋಪಿಗೆ ನಾನು ಮಂಪರಿನ ಪರ. ಕರುಳಿನ ತಿರುವುಗಳಲ್ಲಿ ಕೊಳವೆ ಸುರುಳಿಯಾಗಿ ಗೋಡೆಯನ್ನು ಎಳೆದಾಗ ನೋವು ತೀವ್ರವಾಗುತ್ತದೆ, ರೋಗಿ ಬಿಗಿಹಿಡಿದರೆ ವೈದ್ಯರಿಗೆ ಸೀಕಮ್ ತಲುಪುವುದೇ ಕಷ್ಟ. ಮಿಡಜೋಲಾಮ್, ಫೆಂಟನಿಲ್‌ನಂಥ ಔಷಧ ಕೊಟ್ಟರೆ ಅರೆನಿದ್ರೆ ಬರುತ್ತದೆ. ಪ್ರೊಪೊಫಾಲ್ ಕೊಟ್ಟರೆ ಗಾಢ ನಿದ್ರೆ, ಅದಕ್ಕೆ ಉಸಿರಾಟದ ಮೇಲೆ ನಿಗಾ ಇಡುವ ತರಬೇತಾದವರು ಇರಲೇಬೇಕು. ಕರುಳನ್ನು ಉಬ್ಬಿಸಲು ಸಾಧಾರಣ ಗಾಳಿಯ ಬದಲು ಕಾರ್ಬನ್ ಡೈ ಆಕ್ಸೈಡ್ ಬಳಸಿದರೆ ಅದು ಬೇಗ ರಕ್ತಕ್ಕೆ ಹೀರಿಕೊಂಡು ಹೋಗುವುದರಿಂದ ಪರೀಕ್ಷೆಯ ನಂತರದ ಉಬ್ಬರ, ನೋವು ಕಡಿಮೆ. ಮಂಪರು ಪಡೆದವರು ಎಚ್ಚರವಾಗಿದ್ದೇವೆ ಎನಿಸಿದರೂ 24 ಗಂಟೆ ವಾಹನ ಓಡಿಸಬಾರದು, ಕಾಗದಪತ್ರಗಳಿಗೆ ಸಹಿ ಹಾಕಬಾರದು, ಜೊತೆಗೊಬ್ಬರು ಬರಲೇಬೇಕು.

ಅಪಾಯ ಮತ್ತು ಲಾಭದ ತೂಕ

ಬರೀ ನೋಡಲು ಮಾಡುವ ಎಂಡೋಸ್ಕೋಪಿಯಲ್ಲಿ ಗೋಡೆ ತೂತಾಗುವುದು ಬಹಳ ಅಪರೂಪ. ಕೊಲೊನೋಸ್ಕೋಪಿಯಲ್ಲಿ ಈ ಅಪಾಯ ಸ್ವಲ್ಪ ಹೆಚ್ಚು, ಆದರೂ ಸಾವಿರಕ್ಕೆ ಒಂದು ಅಥವಾ ಅದಕ್ಕಿಂತ ಕಡಿಮೆ. ಪಾಲಿಪ್ ತೆಗೆದಿದ್ದರೆ ಆ ಜಾಗದಿಂದ ಎರಡು ವಾರದವರೆಗೂ ರಕ್ತ ಬರಬಹುದು ಎಂಬುದು ನೆನಪಿರಲಿ. ಆ ಅವಧಿಯಲ್ಲಿ ದೂರದ ಪ್ರಯಾಣ ಇಟ್ಟುಕೊಳ್ಳದಿದ್ದರೆ ಒಳ್ಳೆಯದು. ಯಾವ ಪರೀಕ್ಷೆಯಾದರೂ ಸರಿ, ಮನೆಗೆ ಬಂದ ಮೇಲೆ ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗುವುದು, ಹೆಚ್ಚುತ್ತಲೇ ಹೋಗುವ ನೋವು, ಎದೆ ಅಥವಾ ಕತ್ತಿನ ನೋವು, ಜ್ವರ, ಕಪ್ಪು ಮಲ, ಲೋಟ ತುಂಬುವಷ್ಟು ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯಬಾರದು.

ಲಾಭದ ಕಡೆ ನೋಡಿದರೆ ಕೊಲೊನೋಸ್ಕೋಪಿಗೆ ಎಂಡೋಸ್ಕೋಪಿಗಿಲ್ಲದ ಒಂದು ಹಿರಿಮೆಯಿದೆ: ಅದು ರೋಗವನ್ನು ಬರುವ ಮೊದಲೇ ತಡೆಯಬಲ್ಲದು. ದೊಡ್ಡ ಕರುಳಿನ ಬಹುಪಾಲು ಕ್ಯಾನ್ಸರ್‌ಗಳು ಮೊದಲು ಪಾಲಿಪ್ ಎಂಬ ಸಣ್ಣ ಗಂಟಾಗಿ ಹುಟ್ಟಿ, ಕ್ಯಾನ್ಸರಾಗಿ ಬದಲಾಗಲು ಸುಮಾರು ಹತ್ತು ವರ್ಷ ತೆಗೆದುಕೊಳ್ಳುತ್ತವೆ. 1969ರಲ್ಲಿ ನ್ಯೂಯಾರ್ಕಿನಲ್ಲಿ ವಿಲಿಯಂ ವೂಲ್ಫ್ ಮತ್ತು ಹಿರೋಮಿ ಶಿನ್ಯಾ ಕೊಲೊನೋಸ್ಕೋಪಿನ ಮೂಲಕವೇ ತಂತಿಯ ಉರುಳು ಹಾಕಿ ಪಾಲಿಪ್ ಕತ್ತರಿಸಿ ತೆಗೆದ ಮೇಲೆ, ಅದಕ್ಕಾಗಿ ಹೊಟ್ಟೆ ಕೊಯ್ಯುವ ಅಗತ್ಯ ಹೆಚ್ಚಿನವರಿಗೆ ಇಲ್ಲದಾಯಿತು. ಈ ಕಾರಣಕ್ಕೆ ಯಾವ ಲಕ್ಷಣವೂ ಇಲ್ಲದವರಿಗೂ ಈ ತಪಾಸಣೆಯನ್ನು ಹಲವು ದೇಶಗಳು ಸಲಹೆ ಮಾಡುತ್ತವೆ. ಅಮೆರಿಕದ ತಜ್ಞರ ಸಮಿತಿ 2021ರಲ್ಲಿ ಆರಂಭದ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿತು. ಎಲ್ಲವೂ ಸರಿಯಿದ್ದರೆ ಮುಂದಿನದು ಹತ್ತು ವರ್ಷದ ನಂತರ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಆಗಿದ್ದರೆ 40ಕ್ಕೆ, ಅಥವಾ ಅವರಿಗೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ ಆರಂಭಿಸಬೇಕು.

ಕೊಲೊನೋಸ್ಕೋಪಿಗೆ ಮನಸ್ಸೇ ಒಪ್ಪದವರು ವರ್ಷಕ್ಕೊಮ್ಮೆ ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಪತ್ತೆ ಮಾಡುವ ಎಫ್‌ಐಟಿ ಪರೀಕ್ಷೆ ಮಾಡಿಸಿಕೊಳ್ಳಬಹುದು. ಏನೂ ಮಾಡಿಸದಿರುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಅದು ಲಕ್ಷಣಗಳಿಲ್ಲದವರಿಗೆ ಮಾತ್ರ, ಮತ್ತು ಅದರಲ್ಲಿ ರಕ್ತ ಕಂಡುಬಂದರೆ ಮುಂದಿನ ಹೆಜ್ಜೆ ಕೊಲೊನೋಸ್ಕೋಪಿಯೇ. ಇನ್ನೊಮ್ಮೆ ಮಾಡಿಸಿ ಈ ಸಲ ಇಲ್ಲವೆಂದು ಬಂದಿತಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವುದು ತಪ್ಪು. ಎಂಡೋಸ್ಕೋಪಿಯನ್ನು ಹೀಗೆ ಎಲ್ಲರಿಗೂ ತಪಾಸಣೆಯಾಗಿ ಮಾಡುವುದು ಜಪಾನ್, ದಕ್ಷಿಣ ಕೊರಿಯಾಗಳಂಥ ಜಠರದ ಕ್ಯಾನ್ಸರ್ ಹೆಚ್ಚಾಗಿರುವ ಕಡೆ ಮಾತ್ರ.

ವರದಿಯಲ್ಲಿ ಏನು ನೋಡಬೇಕು

ಎಂಡೋಸ್ಕೋಪಿ ವರದಿಯಲ್ಲಿ ಡಿ2 (ಡ್ಯುವೋಡಿನಮ್‌ನ ಎರಡನೆಯ ಭಾಗ) ವರೆಗೆ ನೋಡಲಾಗಿದೆ ಎಂದು ಬರೆದಿದ್ದರೆ ಪರೀಕ್ಷೆ ಪೂರ್ಣವಾಗಿದೆ ಎಂದರ್ಥ. 'ಗ್ಯಾಸ್ಟ್ರೈಟಿಸ್', ಅಂದರೆ ಜಠರದ ಒಳಪದರದ ಉರಿಯೂತ, ಎಂಬ ಪದ ಬಹಳ ಜನರ ವರದಿಯಲ್ಲಿರುತ್ತದೆ, ಅದನ್ನು ನೋಡಿದ ಕೂಡಲೇ ಹೆದರಬೇಕಾಗಿಲ್ಲ. ಕೆಂಪಾಗಿ ಕಂಡದ್ದಕ್ಕೆ ಆ ಹೆಸರು ಬರೆದಿರಬಹುದು, ಕಾರಣ ಗೊತ್ತಾಗುವುದು ಬಯಾಪ್ಸಿಯಲ್ಲಿ, ಅಂದರೆ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ. ಕೊಲೊನೋಸ್ಕೋಪಿ ವರದಿಯಲ್ಲಿ ಎರಡು ಸಂಗತಿ ಹುಡುಕಿ: ಸೀಕಮ್ ತಲುಪಲಾಯಿತೇ, ಮತ್ತು ಕರುಳು ಎಷ್ಟು ಚೊಕ್ಕಟವಾಗಿತ್ತು. ಎರಡನೆಯದನ್ನು ಬಾಸ್ಟನ್ ಅಂಕದಲ್ಲಿ ಬರೆದಿರುತ್ತಾರೆ. ಕರುಳಿನ ಮೂರು ಭಾಗಗಳಿಗೆ ತಲಾ 3ರಂತೆ ಒಟ್ಟು 9 ಅಂಕ, ಪ್ರತಿ ಭಾಗಕ್ಕೂ ಕನಿಷ್ಠ 2 ಬಂದಿರಬೇಕು. ಅದಕ್ಕಿಂತ ಕಡಿಮೆಯಿದ್ದು ಕೆಳಗೆ 'ಏನೂ ಕಂಡುಬಂದಿಲ್ಲ' ಎಂದು ಬರೆದಿದ್ದರೆ ಅದರ ಮೇಲೆ ಹತ್ತು ವರ್ಷ ನೆಮ್ಮದಿಯಾಗಿರುವಂತಿಲ್ಲ. ಒಂದು ವರ್ಷದೊಳಗೆ ಮತ್ತೆ ಮಾಡಿಸಬೇಕಾಗುತ್ತದೆ.

ಬಯಾಪ್ಸಿಗೆ ಚೂರು ಕಳಿಸಿದ್ದರೆ ಅದರ ವರದಿ ಬರಲು ಕೆಲವು ದಿನ ಬೇಕು. ಪರೀಕ್ಷೆಯ ದಿನ "ಗಾಬರಿಯೇನಿಲ್ಲ" ಎಂಬ ಮಾತು ಕೇಳಿ ಮನೆಗೆ ಹೋದವರಲ್ಲಿ ಆ ವರದಿಯನ್ನು ತೆಗೆದುಕೊಳ್ಳಲು ಮರಳಿ ಬಾರದವರೂ ಇದ್ದಾರೆ. ತೆಗೆದ ಪಾಲಿಪ್ ಮುಂದೆ ಕ್ಯಾನ್ಸರಾಗಬಲ್ಲ ಅಡಿನೋಮಾ ಜಾತಿಯದೋ ಅಲ್ಲವೋ, ಎಷ್ಟು ಇದ್ದವು, ಎಷ್ಟು ದೊಡ್ಡವು ಎಂಬುದರ ಮೇಲೆ ಮುಂದಿನ ಕೊಲೊನೋಸ್ಕೋಪಿಯ ದಿನ ನಿಂತಿದೆ: ಒಂದು ಸೆಂಟಿಮೀಟರಿಗಿಂತ ಚಿಕ್ಕ ಅಡಿನೋಮಾ ಒಂದೆರಡಿದ್ದರೆ ಏಳರಿಂದ ಹತ್ತು ವರ್ಷ, ಮೂರು ನಾಲ್ಕಿದ್ದರೆ ಮೂರರಿಂದ ಐದು ವರ್ಷ, ಐದರಿಂದ ಹತ್ತಿದ್ದರೆ ಅಥವಾ ದೊಡ್ಡದಿದ್ದರೆ ಮೂರು ವರ್ಷ. ಬಯಾಪ್ಸಿ ವರದಿ ಕೈಗೆ ಬಂದ ದಿನ ಆ ವರ್ಷವನ್ನು ವೈದ್ಯರಿಂದಲೇ ವರದಿಯ ಮೇಲೆ ಬರೆಸಿಕೊಂಡು, ಮನೆಯ ಇನ್ನೊಬ್ಬರಿಗೂ ತಿಳಿಸಿಡಿ.